ಕರೆಯ ಬೆಲೆ ಯಾರ ಜೇಬಿನಿಂದ?

(ನಮ್ಮ ಕ್ರೈಸ್ತ ಸಭೆಯ ಯೌವನಸ್ಥರ ಕೂಟದಲ್ಲಿ ಮಾಡಿದ ಉಪನ್ಯಾಸ. ಬರೆಯುವಾಗ ಅಲ್ಲಲ್ಲಿ ಕತ್ತರಿಸಿದ್ದೇನೆ. ಕೊನೆಗೆ ಬಂದ ಪ್ರಶ್ನೆಗಳಲ್ಲಿ ಎರಡನ್ನು ಉಳಿಸಿಕೊಂಡಿದ್ದೇನೆ.)

ಪ್ರಿಯರೇ, ಎಲ್ಲರಿಗೂ ವಂದನೆ.

ನಾನು ಅಯ್ಯನವರಲ್ಲ, ಅಂದರೆ ಪಾದ್ರಿಯಲ್ಲ. ಬ್ಯಾಂಕಿನಲ್ಲಿ ಲೆಕ್ಕ ಬರೆದು ರಿಟೈರ್ ಆದವನು. ವಾಕ್ಯ, ಅಂದರೆ ಬೈಬಲ್ ಓದುವಾಗಲೂ ಜಮಾ ಎಷ್ಟು, ಖರ್ಚು ಎಷ್ಟು, ಖರ್ಚು ಯಾರ ಹೆಸರಿಗೆ ಅಂತ ಕಣ್ಣು ಓಡುತ್ತದೆ. ಇವತ್ತಿನ ಮಾತೆಲ್ಲ ಆ ಚಾಳಿಯಿಂದಲೇ ಬಂದದ್ದು.

ದೇವರ ಕರೆ ಅಂದ ಕೂಡಲೇ ನಾವೆಲ್ಲ ಆದಿಕಾಂಡ 12ನೇ ಅಧ್ಯಾಯ ತೆರೆಯುತ್ತೇವೆ. ನಿನ್ನ ದೇಶ, ನಿನ್ನ ಬಂಧುಬಳಗ, ನಿನ್ನ ತಂದೆಯ ಮನೆ ಬಿಟ್ಟು ಹೊರಡು ಅಂತ ದೇವರು ಹೇಳಿದರು. ಅಬ್ರಾಮ ಹೊರಟ. ನಾಲ್ಕನೇ ವಚನಕ್ಕೆ ಪ್ರಸಂಗ ಮುಗಿಯುತ್ತದೆ, ಆಮೆನ್ ಹೇಳಿ ಪುಸ್ತಕ ಮುಚ್ಚುತ್ತೇವೆ. ನೀವೂ ಹೊರಡಿ ಅಂತ ಯೌವನಸ್ಥರಿಗೆ ಹೇಳಿ ಕಳಿಸುತ್ತೇವೆ. ಇವತ್ತು ಆ ಪುಸ್ತಕವನ್ನು ಅಷ್ಟು ಬೇಗ ಮುಚ್ಚುವುದು ಬೇಡ. ಐದನೇ ವಚನದಿಂದ ಮುಂದೆ ಏನಾಯಿತು ಅಂತ ನೋಡೋಣ.

ಹೊರಟವನ ವಯಸ್ಸು 75. ಹೆಂಡತಿ ಹತ್ತು ವರ್ಷ ಚಿಕ್ಕವಳು. ಮಕ್ಕಳಿಲ್ಲ. ಅಬ್ರಾಮನ ಅಪ್ಪ ತೆರಹ ಕಾನಾನಿಗೆ ಹೋಗುತ್ತೇನೆ ಅಂತ ಕಲ್ದೀಯರ ಊರ್ ಪಟ್ಟಣದಿಂದ ಎಲ್ಲರನ್ನೂ ಕರೆದುಕೊಂಡು ಹೊರಟಿದ್ದ. ದಾರಿಯಲ್ಲಿ ಖಾರಾನ್ ಸಿಕ್ಕಿತು, ಅಲ್ಲೇ ನೆಲೆಯಾಗಿಬಿಟ್ಟ. ಊರ್ ಇರುವುದು ಇವತ್ತಿನ ಇರಾಕಿನ ದಕ್ಷಿಣಕ್ಕೆ ಅಂತ ಸಾಮಾನ್ಯವಾಗಿ ಹೇಳುತ್ತಾರೆ. ಖಾರಾನ್ ಇರುವುದು ಟರ್ಕಿಯ ದಕ್ಷಿಣ ಗಡಿಯ ಹತ್ತಿರ. ಅಂದರೆ ಈ ಕುಟುಂಬ ಒಂದು ಸಲ ಬೇರು ಕಿತ್ತುಕೊಂಡು ಬಂದು, ಮತ್ತೆ ನೆಲೆಯೂರಿ, ಆಸ್ತಿಪಾಸ್ತಿ ಮಾಡಿಕೊಂಡು, ಆಳುಕಾಳು ಇಟ್ಟುಕೊಂಡು ಕೂತಿತ್ತು. ಆಗ ಕರೆ ಬಂತು.

ತಂದೆಯ ಮನೆ ಬಿಡು ಅನ್ನುವುದು ಆ ಕಾಲಕ್ಕೆ ಎಷ್ಟು ದೊಡ್ಡ ಮಾತು ಅಂತ ಸ್ವಲ್ಪ ಯೋಚಿಸಿ. ಪೊಲೀಸ್ ಇಲ್ಲ, ಕೋರ್ಟ್ ಇಲ್ಲ, ಪೆನ್ಷನ್ ಇಲ್ಲ. ಕಳ್ಳರು ಬಂದರೆ ಕಾಯುವವರು ಅಣ್ಣತಮ್ಮಂದಿರು. ಕುರಿ ಮೇಯಿಸುವ ಹಕ್ಕು, ಬಾವಿಯ ಹಕ್ಕು, ಸತ್ತರೆ ಮಣ್ಣು ಮಾಡುವ ಜಾಗ, ಎಲ್ಲಾ ಕುಲದ ಹೆಸರಿನ ಮೇಲೆ. ಕುಲ ಬಿಟ್ಟವನು ಯಾರಿಗೂ ಬೇಡದವನು. ಆ ಖರ್ಚನ್ನು ಅಬ್ರಾಮ ಒಪ್ಪಿಕೊಂಡ. ಎಲ್ಲಿಗೆ ಹೋಗುತ್ತಿದ್ದೇನೆ ಅಂತ ತಿಳಿಯದೆಯೇ ಹೊರಟ ಅನ್ನುತ್ತದೆ ಇಬ್ರಿಯರಿಗೆ ಬರೆದ ಪತ್ರಿಕೆಯ 11ನೇ ಅಧ್ಯಾಯ. ಅಲ್ಲಿಯವರೆಗೆ ಲೆಕ್ಕ ಸರಿಯಿದೆ. ಖರ್ಚು ಅವನದೇ ಹೆಸರಿನಲ್ಲಿದೆ.

ಕಾನಾನಿಗೆ ಬಂದು ನೋಡಿದರೆ ದೇಶ ಖಾಲಿ ಇಲ್ಲ. ಕಾನಾನ್ಯರು ಆಗಲೇ ಅಲ್ಲಿ ವಾಸವಾಗಿದ್ದರು ಅಂತ ವಾಕ್ಯವೇ ಹೇಳುತ್ತದೆ. ನಿನ್ನ ಸಂತಾನಕ್ಕೆ ಈ ದೇಶ ಕೊಡುತ್ತೇನೆ ಅಂತ ದೇವರು ಹೇಳುತ್ತಾರೆ. ಇವನಿಗೆ ಸಂತಾನವೂ ಇಲ್ಲ, ದೇಶವೂ ಇಲ್ಲ. ಆದರೂ ಶೆಕೆಮಿನಲ್ಲಿ ಯಜ್ಞವೇದಿ ಕಟ್ಟಿದ. ಬೇತೇಲಿನ ಹತ್ತಿರ ಗುಡಾರ ಹಾಕಿದ, ಅಲ್ಲೂ ವೇದಿ ಕಟ್ಟಿದ. ಮತ್ತೆ ದಕ್ಷಿಣಕ್ಕೆ ಹೊರಟ. ಹತ್ತನೇ ವಚನಕ್ಕೆ ಬರಗಾಲ!

ದೇವರ ಮಾತು ಕೇಳಿ ಹೊರಟವನಿಗೆ, ದೇವರು ತೋರಿಸಿದ ದೇಶದಲ್ಲೇ, ತಿನ್ನಲು ಇಲ್ಲ. ಕರೆಗೆ ಓಗೊಟ್ಟರೆ ಬಾಗಿಲೆಲ್ಲ ತಾನಾಗಿ ತೆರೆಯುತ್ತದೆ ಅಂತ ಯೂಟ್ಯೂಬಿನಲ್ಲಿ ಹೇಳುವವರು ಈ ಹತ್ತನೇ ವಚನವನ್ನು ಹೇಗೆ ದಾಟುತ್ತಾರೋ ನನಗೆ ಗೊತ್ತಿಲ್ಲ.

ಅಬ್ರಾಮ ಐಗುಪ್ತಕ್ಕೆ ಇಳಿದ. ಹೊಟ್ಟೆಪಾಡು, ತಪ್ಪೇನಿಲ್ಲ. ಗಡಿ ಹತ್ತಿರ ಬಂದಾಗ ಅವನಿಗೆ ಪ್ರಾಣಭಯ ಹತ್ತಿತು. ನೀನು ನೋಡಲು ಚೆಲುವೆ, ನಿನಗೋಸ್ಕರ ನನ್ನನ್ನು ಕೊಂದಾರು, ನನ್ನ ತಂಗಿ ಅಂತ ಹೇಳಿಬಿಡು ಅಂತ ಹೆಂಡತಿಗೆ ಹೇಳಿದ. ಆಕೆಯನ್ನು ಫರೋಹನ ಅರಮನೆಗೆ ಕರೆದುಕೊಂಡು ಹೋದರು. ಇವನಿಗೆ ಆಕೆಯ ದೆಸೆಯಿಂದ ಕುರಿ, ದನ, ಕತ್ತೆ, ಒಂಟೆ, ದಾಸದಾಸಿಯರು ಸಿಕ್ಕಿದರು.

ಇಲ್ಲಿ ಲೆಕ್ಕದ ಪುಸ್ತಕ ತೆರೆಯಿರಿ. ಜಮಾ ಕಡೆಯಲ್ಲಿ ಕುರಿ, ದನ, ಒಂಟೆ. ಖರ್ಚಿನ ಕಡೆಯಲ್ಲಿ ಸಾರಯಳು. ಆ ಅಧ್ಯಾಯದಲ್ಲಿ ಆಕೆಯ ಬಾಯಿಂದ ಒಂದೇ ಒಂದು ಮಾತಿಲ್ಲ, ಗಮನಿಸಿದ್ದೀರಾ? ಖಾರಾನಿನಲ್ಲಿ ಬೆಲೆ ತೆತ್ತವನು ಅಬ್ರಾಮ. ಐಗುಪ್ತದಲ್ಲಿ ಬೆಲೆ ತೆತ್ತವಳು ಅವನ ಹೆಂಡತಿ. ದೇವರು ಅಡ್ಡ ಬರದಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಕೊನೆಗೆ ಬುದ್ಧಿ ಹೇಳಿದವನು ಯಾರು? ಫರೋಹ. ಹೀಗೇಕೆ ಮಾಡಿದೆ ಅಂತ ನಂಬಿಕೆಯ ಪಿತೃವನ್ನು ಒಬ್ಬ ಅನ್ಯಜನರ ಅರಸ ಗದರಿಸಿ ಕಳಿಸುತ್ತಾನೆ. ಅಷ್ಟಾದರೂ ಪಾಠ ಕಲಿತನಾ ಅಂದರೆ ಇಲ್ಲ. 20ನೇ ಅಧ್ಯಾಯದಲ್ಲಿ ಗೆರಾರಿನ ಅರಸನ ಮುಂದೆ ಅದೇ ಸುಳ್ಳನ್ನು ಮತ್ತೆ ಹೇಳುತ್ತಾನೆ.

ನಾನು ಇವತ್ತು ಹೇಳಬೇಕೆಂದಿರುವುದು ಇದೇ. ಕರೆ ಬಂತು ಅಂತ ಯಾರಾದರೂ ಹೇಳಿದಾಗ ನಾವು ಕೇಳುವ ಪ್ರಶ್ನೆಗಳು ಬೇರೆ. ದರ್ಶನ ಆಯ್ತಾ? ಕನಸು ಬಿತ್ತಾ? ವಚನ ಸಿಕ್ತಾ? ಇವುಗಳ ಜೊತೆ ಇನ್ನೊಂದನ್ನೂ ಕೇಳಬೇಕು. ಇದರ ಬೆಲೆಯನ್ನು ಯಾರು ಕೊಡುತ್ತಾರೆ? ನೀನಾ, ಇಲ್ಲಾ ನಿನ್ನ ಮನೆಯಲ್ಲಿ ಬಾಯಿಲ್ಲದ ಇನ್ನೊಬ್ಬರಾ?

ಮುಂದೆ ನೋಡೋಣ. ಕಾನಾನಿನಲ್ಲಿ ಹತ್ತು ವರ್ಷ ಕಳೆಯಿತು. ನಕ್ಷತ್ರ ಎಣಿಸು, ನಿನ್ನ ಸಂತಾನ ಅಷ್ಟಾಗುತ್ತದೆ ಅಂತ ದೇವರು ಹೇಳಿದ್ದಾರೆ. ಅವನು ನಂಬಿದ, ಆ ನಂಬಿಕೆಯನ್ನು ದೇವರು ನೀತಿ ಅಂತ ಎಣಿಸಿದರು. ಪೌಲನು ರೋಮಾಪುರದವರಿಗೆ ಬರೆದ ಪತ್ರಿಕೆಯ ದೊಡ್ಡ ವಾದಕ್ಕೆ ಬುನಾದಿಯೇ ಆ ವಚನ. ಅದು 15ನೇ ಅಧ್ಯಾಯ. 16ನೇ ಅಧ್ಯಾಯದಲ್ಲಿ ತಾಳ್ಮೆ ತಪ್ಪಿತು. ನನ್ನ ದಾಸಿಯಿಂದಲಾದರೂ ಮಗುವಾಗಲಿ ಅಂದಳು ಸಾರಯಳು. ಅಬ್ರಾಮ ಹೂಂ ಅಂದ. ಐಗುಪ್ತದ ದಾಸಿ ಹಾಗರಳನ್ನು ಯಾರೂ ಒಂದು ಮಾತು ಕೇಳಲಿಲ್ಲ.

ಆಕೆ ಬಸುರಿಯಾದಳು, ಒಡತಿಯನ್ನು ತಾತ್ಸಾರದಿಂದ ನೋಡಿದಳು. ಒಡತಿಯ ಕಾಟ ತಡೆಯಲಾರದೆ ಅಡವಿಗೆ ಓಡಿಹೋದಳು. ಶೂರಿನ ದಾರಿಯಲ್ಲಿ ಒಂದು ಒರತೆಯ ಹತ್ತಿರ ಕರ್ತನ ದೂತ ಆಕೆಯನ್ನು ಕಂಡು, ಎಲ್ಲಿಂದ ಬಂದೆ, ಎಲ್ಲಿಗೆ ಹೋಗುತ್ತೀ ಅಂತ ಕೇಳಿದ. ಆ ಮನೆಯಲ್ಲಿ ಯಾರೂ ಕೇಳದ ಪ್ರಶ್ನೆ ಅದು. ಹೆಸರು ಹಿಡಿದು ಕರೆದದ್ದೂ ಅವನೇ. ಅಬ್ರಾಮ, ಸಾರಯಳು ಇಬ್ಬರ ಬಾಯಲ್ಲೂ ಆಕೆ ಬರೀ ದಾಸಿ. ಹಾಗರಳು ಆಗ ದೇವರಿಗೆ ಒಂದು ಹೆಸರಿಡುತ್ತಾಳೆ, ನನ್ನನ್ನು ನೋಡುವ ದೇವರು ಅಂತ. ವಾಕ್ಯದಲ್ಲಿ ದೇವರಿಗೆ ಹೀಗೆ ಹೆಸರಿಟ್ಟ ಮೊದಲನೆಯ ವ್ಯಕ್ತಿ ಈ ಓಡಿಹೋದ ದಾಸಿ. ನಮ್ಮ ನಂಬಿಕೆ ಸೋತಾಗ ಅದರ ಪೆಟ್ಟು ತಿನ್ನುವವರನ್ನು ದೇವರು ನೋಡುತ್ತಾರೆ. ನನಗೆ ಇದು ನಡುಕ ಹುಟ್ಟಿಸುವ ಅಧ್ಯಾಯ.

ಇಷ್ಮಾಯೇಲ ಹುಟ್ಟಿದಾಗ ಅಬ್ರಾಮನಿಗೆ 86 ವರ್ಷ. ಅದು 16ನೇ ಅಧ್ಯಾಯದ ಕೊನೆಯ ವಚನ. ಅದಕ್ಕೆ ಅಂಟಿಕೊಂಡಿರುವ 17ನೇ ಅಧ್ಯಾಯದ ಮೊದಲನೆಯ ವಚನದಲ್ಲಿ ಅವನಿಗೆ 99. ನಡುವೆ 13 ವರ್ಷ. ಒಂದು ಅಕ್ಷರವೂ ಬರೆದಿಲ್ಲ. ದರ್ಶನ ಇಲ್ಲ, ದೂತರಿಲ್ಲ. ಕುರಿ ಕಾಯುವುದು, ಗುಡಾರ ಕಿತ್ತು ಬೇರೆ ಕಡೆ ಹಾಕುವುದು, ಹುಡುಗನನ್ನು ಬೆಳೆಸುವುದು, ಇವೆಲ್ಲ ನಡೆದಿರಬೇಕು. ಬರೆಯುವಂಥದ್ದೇನೂ ನಡೆದಿಲ್ಲ, ಅಷ್ಟೇ. ನಂಬಿಕೆಯ ಬದುಕಿನ ಜಾಸ್ತಿ ಭಾಗ ಹೀಗೇ ಇರುತ್ತದೆ. ಕ್ಯಾಂಪಿನಲ್ಲಿ ಕೈ ಎತ್ತಿ ಒಪ್ಪಿಸಿಕೊಟ್ಟ ರಾತ್ರಿಯ ಬಗ್ಗೆ ಸಾಕ್ಷಿ ಹೇಳುತ್ತೇವೆ. ಆಮೇಲಿನ ಹದಿಮೂರು ವರ್ಷದ ಬಗ್ಗೆ ಯಾರೂ ಸಾಕ್ಷಿ ಹೇಳಲು ಎದ್ದು ನಿಲ್ಲುವುದಿಲ್ಲ.

ಕೊನೆಗೆ ನೂರನೇ ವರ್ಷಕ್ಕೆ ಇಸಾಕ ಹುಟ್ಟಿದ. ಕರೆ ಬಂದು 25 ವರ್ಷದ ಮೇಲೆ.

ಈಗ 22ನೇ ಅಧ್ಯಾಯ. ಅಷ್ಟರಲ್ಲಿ ದೇವರು ಅಬ್ರಾಮನ ಹೆಸರನ್ನು ಅಬ್ರಹಾಮ ಅಂತಲೂ ಸಾರಯಳ ಹೆಸರನ್ನು ಸಾರ ಅಂತಲೂ ಬದಲಿಸಿದ್ದಾರೆ. ಇದನ್ನು ಮುಟ್ಟದೆ ಅಬ್ರಹಾಮನ ಮಾತು ಮುಗಿಸುವ ಹಾಗಿಲ್ಲ. ನಿನ್ನ ಒಬ್ಬನೇ ಮಗನನ್ನು, ನೀನು ಪ್ರೀತಿಸುವ ಇಸಾಕನನ್ನು ಕರೆದುಕೊಂಡು ಮೊರೀಯ ದೇಶಕ್ಕೆ ಹೋಗಿ ಬಲಿ ಕೊಡು ಅಂತ ಮಾತು ಬಂತು. ಬೆಳಗ್ಗೆ ಎದ್ದು ಕತ್ತೆಗೆ ತಡಿ ಹಾಕಿ, ಸೌದೆ ಸೀಳಿಕೊಂಡು ಹೊರಟ. ಸಾರಳಿಗೆ ಹೇಳಿದನಾ? ವಾಕ್ಯ ಏನೂ ಹೇಳುವುದಿಲ್ಲ. ಮೂರನೇ ದಿನ ಬೆಟ್ಟ ಕಾಣಿಸಿತು. ಸೌದೆಯನ್ನು ಮಗನ ಮೇಲೆ ಹೊರಿಸಿದ. ಬೆಂಕಿಯನ್ನೂ ಕತ್ತಿಯನ್ನೂ ತಾನೇ ಹಿಡಿದ. ಹುಡುಗನ ಕೈಗೆ ಗಾಯವಾದೀತು ಅಂತಲಾ? ನನಗೆ ಹಾಗೇ ಅನಿಸುತ್ತದೆ, ಅಪ್ಪಂದಿರು ಹಾಗೇ ಮಾಡುವುದು. ಅಪ್ಪಾ, ಬೆಂಕಿ ಇದೆ, ಸೌದೆ ಇದೆ, ಬಲಿಗೆ ಕುರಿ ಎಲ್ಲಿ ಅಂತ ಹುಡುಗ ಕೇಳಿದ. ದೇವರೇ ಒದಗಿಸುತ್ತಾರೆ ಮಗನೇ ಅಂದ ಅಪ್ಪ. ಇಬ್ಬರೂ ಒಟ್ಟಿಗೆ ನಡೆದರು.

ಈ ಅಧ್ಯಾಯವನ್ನು ಹಿಡಿದುಕೊಂಡು, ನೋಡಿ ಅಬ್ರಹಾಮ ಮಗನನ್ನೇ ಕೊಟ್ಟ, ನೀವೂ ಮನೆಮಕ್ಕಳನ್ನು ಲೆಕ್ಕಿಸದೆ ಸೇವೆಗೆ ಬನ್ನಿ ಅಂತ ಪ್ರಸಂಗ ಮಾಡುವುದನ್ನು ನಾನು ಕೇಳಿದ್ದೇನೆ. ನನಗೆ ಅದು ಕಥೆಯನ್ನು ಅರ್ಧಕ್ಕೆ ನಿಲ್ಲಿಸಿದ ಹಾಗೆ ಕಾಣುತ್ತದೆ. ಬೆಟ್ಟದ ಮೇಲೆ ಏನಾಯಿತು? ಹುಡುಗನ ಮೇಲೆ ಕೈ ಎತ್ತಬೇಡ ಅಂತ ದೇವರೇ ತಡೆದರು. ಪೊದೆಯಲ್ಲಿ ಕೊಂಬು ಸಿಕ್ಕಿಸಿಕೊಂಡಿದ್ದ ಟಗರನ್ನು ದೇವರೇ ಕೊಟ್ಟರು. ಅಪ್ಪನ ವಿಧೇಯತೆಗೆ ಮಗ ಬೆಲೆ ತೆರುವುದನ್ನು ದೇವರು ಒಪ್ಪಲಿಲ್ಲ. ಕ್ರೈಸ್ತರಾದ ನಾವು ಇದನ್ನು ಓದುವಾಗ ಇನ್ನೊಂದು ಬೆಟ್ಟ, ಯೇಸು ಸ್ವಾಮಿಯ ಶಿಲುಬೆಯ ಬೆಟ್ಟ, ನೆನಪಿಗೆ ಬರುತ್ತದೆ. ಅಲ್ಲಿ ಯಾರ ಕೈಯನ್ನೂ ಯಾರೂ ತಡೆಯಲಿಲ್ಲ. ಅಬ್ರಹಾಮನ ಮಗನನ್ನು ಉಳಿಸಿದ ದೇವರು ತಮ್ಮ ಸ್ವಂತ ಮಗನನ್ನು ಉಳಿಸಿಕೊಳ್ಳಲಿಲ್ಲ ಅಂತ ಪೌಲನು ಬರೆಯುತ್ತಾನೆ. ಬೆಲೆಯನ್ನು ತಾನೇ ತೆತ್ತ ದೇವರು ಕರೆಯುತ್ತಿರುವಾಗ, ನನ್ನ ಪಾಲಿನ ಬಿಲ್ಲನ್ನು ಹೆಂಡತಿಯ ಹೆಸರಿಗೆ, ಮಕ್ಕಳ ಹೆಸರಿಗೆ ಬರೆಯುವುದು ಹೇಗೆ?

ಯೇಸು ಸ್ವಾಮಿ ಇದನ್ನು ಬಾಯಿಬಿಟ್ಟೇ ಹೇಳಿದ್ದಾರೆ. ಮಾರ್ಕನ ಸುವಾರ್ತೆ 7ನೇ ಅಧ್ಯಾಯ ನೋಡಿ. ಆಗಿನ ಕೆಲವರು ಅಪ್ಪ ಅಮ್ಮನಿಗೆ ಸಲ್ಲಬೇಕಾದ್ದನ್ನು ತೋರಿಸಿ, ಇದು ಕೊರ್ಬಾನ್, ಅಂದರೆ ದೇವರಿಗೆ ಮುಡಿಪಾಗಿಟ್ಟದ್ದು ಅಂದುಬಿಡುತ್ತಿದ್ದರು. ಹೇಳಿದ ಮೇಲೆ ಮುದುಕರಿಗೆ ಏನೂ ಕೊಡಬೇಕಾಗಿಲ್ಲ. ನೋಡುವವರಿಗೆ ಭಕ್ತಿ. ಹಸಿವು ಮಾತ್ರ ಮನೆಯಲ್ಲಿ. ನಿಮ್ಮ ಸಂಪ್ರದಾಯದಿಂದ ದೇವರ ಮಾತನ್ನೇ ನಿರರ್ಥಕ ಮಾಡುತ್ತೀರಿ ಅಂದರು ಸ್ವಾಮಿ. ಸ್ವಂತ ಮನೆಯವರನ್ನು ನೋಡಿಕೊಳ್ಳದವನು ನಂಬದವನಿಗಿಂತ ಕಡೆ ಅಂತ ತಿಮೊಥೆಗೆ ಬರೆದ ಮೊದಲನೆಯ ಪತ್ರಿಕೆಯಲ್ಲೂ ಇದೆ. ಫುಲ್‌ಟೈಮ್ ಸೇವೆಯ ಪೋಸ್ಟರ್‌ಗಳಲ್ಲಿ ಈ ವಚನ ಹಾಕಿದ್ದನ್ನು ನಾನು ನೋಡಿಲ್ಲ.

ಹಾಗಾದರೆ ನಂಬಿಕೆಯಿಂದ ಬದುಕುವುದು ಅಂದರೆ ಸಂಬಳ ಹಿಡಿದುಕೊಂಡು, ಸೇಫಾಗಿ, ಭಾನುವಾರ ಮಾತ್ರ ಗುಡಿಗೆ ಬಂದು ಹೋಗುವುದಾ? ಅಲ್ಲವೇ ಅಲ್ಲ. ಜಾರ್ಜ್ ಮುಲ್ಲರ್ ಅವರನ್ನು ನೋಡಿ. 1805ರಲ್ಲಿ ಪ್ರಷ್ಯದಲ್ಲಿ ಹುಟ್ಟಿದವರು, ಇಂಗ್ಲೆಂಡಿಗೆ ಬಂದು ಪಾಸ್ಟರ್ ಆದರು. ಆಗ ಗುಡಿಯಲ್ಲಿ ಬೆಂಚುಗಳಿಗೆ ಬಾಡಿಗೆ ಇತ್ತು. ದುಡ್ಡಿದ್ದವರಿಗೆ ಒಳ್ಳೆಯ ಜಾಗ, ಬಡವರಿಗೆ ಮೂಲೆ. ಪಾಸ್ಟರ್ ಸಂಬಳ ಬರುತ್ತಿದ್ದದ್ದು ಆ ಬಾಡಿಗೆಯಿಂದ. 1830ರಲ್ಲಿ ಮುಲ್ಲರ್ ಆ ಸಂಬಳ ಬೇಡ ಅಂದರು. ನನ್ನ ಊಟಕ್ಕೋಸ್ಕರ ಬಡವನು ಮೂಲೆಯಲ್ಲಿ ಕೂರಬಾರದು ಅನ್ನುವುದು ಅವರ ಕಾರಣಗಳಲ್ಲಿ ಒಂದು. ಅಲ್ಲಿಂದ ಮುಂದೆ ಮನಸ್ಸಿದ್ದವರು ಕೊಟ್ಟದ್ದರಲ್ಲಿ ಬದುಕಿದರು.

1836ರಲ್ಲಿ ಬ್ರಿಸ್ಟಲ್‌ನ ವಿಲ್ಸನ್ ಬೀದಿಯ ಬಾಡಿಗೆ ಮನೆಯಲ್ಲಿ ಅನಾಥಾಲಯ ಶುರು ಮಾಡಿದರು. ಮುಂದೆ ಆಶ್ಲಿ ಡೌನ್ ಎಂಬಲ್ಲಿ ಐದು ದೊಡ್ಡ ಕಟ್ಟಡ ಎದ್ದವು. 1898ರಲ್ಲಿ ಅವರು ತೀರಿಕೊಳ್ಳುವ ಹೊತ್ತಿಗೆ ಸುಮಾರು 10,000 ಮಕ್ಕಳು ಅಲ್ಲಿ ಬೆಳೆದಿದ್ದರು. ಹಣ ಕೊಡಿ ಅಂತ ಅವರು ಯಾರನ್ನೂ ಕೇಳಲಿಲ್ಲ, ಪ್ರಾರ್ಥನೆ ಮಾಡಿದರು ಅನ್ನುವುದು ನಿಮಗೆಲ್ಲ ಗೊತ್ತು. ಹಾಲಿನ ಗಾಡಿ ಅನಾಥಾಲಯದ ಮುಂದೆಯೇ ಕೆಟ್ಟು ನಿಂತ ಕಥೆಯನ್ನು ಸಂಡೇಸ್ಕೂಲಿನಲ್ಲಿ ಕೇಳಿಯೇ ಇರುತ್ತೀರಿ. ನನಗೆ ಅದಕ್ಕಿಂತ ಅವರ ಲೆಕ್ಕದ ಪುಸ್ತಕ ಇಷ್ಟ. ಬಂದ ಪ್ರತಿಯೊಂದು ಕಾಣಿಕೆಯನ್ನೂ, ಅದು ಒಂದು ಪೆನ್ನಿ ಆದರೂ, ಬರೆದಿಡುತ್ತಿದ್ದರು. ವರ್ಷವರ್ಷ ವರದಿ ಅಚ್ಚು ಹಾಕಿಸುತ್ತಿದ್ದರು. ಇನ್ನೊಂದು ನಿಯಮ, ಸಾಲ ಮಾಡಬಾರದು. ದೇವರು ನಾಳೆ ಕೊಡುತ್ತಾರೆ ಅಂತ ಹೇಳಿ ಇವತ್ತು ಅಂಗಡಿಯವನ ಹತ್ತಿರ ಬ್ರೆಡ್ ಉದ್ದರಿ ತಂದರೆ, ನಂಬಿಕೆ ನನ್ನದು, ರಿಸ್ಕ್ ಅಂಗಡಿಯವನದು. ಮುಲ್ಲರ್ ಅದಕ್ಕೆ ಒಪ್ಪಲಿಲ್ಲ.

ಈಗಿನ ಕೆಲವರು ಮುಲ್ಲರ್ ಹೆಸರು ಹೇಳುತ್ತಲೇ ಬೀಜದ ಹಣ ಬಿತ್ತಿರಿ, ನೂರರಷ್ಟು ಬರುತ್ತದೆ ಅಂತ ಟೀವಿಯಲ್ಲಿ ಅಕೌಂಟ್ ನಂಬರ್ ಕೊಡುತ್ತಾರೆ. ವಿಧವೆಯೊಬ್ಬಳು ಔಷಧಿಗೆ ಇಟ್ಟುಕೊಂಡಿದ್ದ ದುಡ್ಡನ್ನು ಕಳಿಸುತ್ತಾಳೆ. ಅಲ್ಲಿ ನಂಬಿಕೆಯಿಂದ ಬದುಕುತ್ತಿರುವವರು ಯಾರು ಅಂತ ನೀವೇ ಹೇಳಿ.

ಇನ್ನು ನಮ್ಮ ಕಡೆಗೆ ಬರೋಣ. 1834ರ ಅಕ್ಟೋಬರಿನಲ್ಲಿ ಹೆಬಿಕ್, ಲೆಹ್ನರ್, ಗ್ರೈನರ್ ಅನ್ನುವ ಮೂರು ಜನ ಮಿಷನರಿಗಳು ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ನಿನಿಂದ ಮಂಗಳೂರಿಗೆ ಬಂದರು. ಕರೆ ಅಂದರೆ ನಾವು ಇವರ ಹೆಸರನ್ನೇ ಹೇಳುತ್ತೇವೆ. ಹೇಳಬೇಕಾದ್ದೇ. ಆದರೆ ಅವರ ಮಾತು ಕೇಳಿ ಕ್ರಿಸ್ತನನ್ನು ಒಪ್ಪಿಕೊಂಡವರು ಕೊಟ್ಟ ಬೆಲೆ ಜಾಸ್ತಿ ಅಂತ ನನ್ನ ಅಭಿಪ್ರಾಯ. ಸಮುದ್ರ ದಾಟಿ ಬಂದವರ ಹಿಂದೆ ಒಂದು ಕಮಿಟಿ ಇತ್ತು. ಇಲ್ಲೇ ಹುಟ್ಟಿದವರು ಕಳೆದುಕೊಂಡದ್ದು ಅಬ್ರಹಾಮ ಕಳೆದುಕೊಂಡದ್ದನ್ನೇ, ಬಂಧುಬಳಗವನ್ನು, ತಂದೆಯ ಮನೆಯನ್ನು. ಊರು ಮಾತ್ರ ಬಿಡಲಿಲ್ಲ. ಬಾಗಿಲು ಮುಚ್ಚಿದ ಮನೆಯ ಮುಂದೆಯೇ ದಿನಾ ಓಡಾಡಬೇಕಿತ್ತು.

ಆನಂದರಾವ್ ಕೌಂಡಿನ್ಯ ಅವರು ಮಿಷನ್ ಶಾಲೆಯಲ್ಲಿ ಓದುತ್ತಿದ್ದ ಬ್ರಾಹ್ಮಣ ಯುವಕ. 1844ರಲ್ಲಿ ದೀಕ್ಷಾಸ್ನಾನ ತೆಗೆದುಕೊಂಡಾಗ ಮಂಗಳೂರಿನಲ್ಲಿ ದೊಡ್ಡ ಗಲಾಟೆಯೇ ಆಯಿತು. ಆಮೇಲೆ ಬಾಸೆಲ್‌ಗೆ ಹೋಗಿ ಓದಿ, ಪಾದ್ರಿಯಾಗಿ ಊರಿಗೆ ಮರಳಿ ಸೇವೆ ಮಾಡಿದರು. ಇವರ ಹೆಸರಾದರೂ ಚರಿತ್ರೆಯಲ್ಲಿ ಉಳಿಯಿತು. ಹೆಸರು ಉಳಿಯದ ನೂರಾರು ಬಿಲ್ಲವ ಕುಟುಂಬಗಳಿದ್ದವು. ಕಳ್ಳು ಇಳಿಸುವ ಕಸುಬನ್ನು ಮಿಷನ್ ಒಪ್ಪುತ್ತಿರಲಿಲ್ಲ, ಬಿಡಬೇಕಾಯಿತು. ಗೇಣಿಗೆ ಮಾಡುತ್ತಿದ್ದ ಗದ್ದೆ ಕೈತಪ್ಪಿತು. ನಂಬಿಕೆ ಬಂತು, ಗಂಜಿ ಹೋಯಿತು.

ಆಗ ಮಿಷನ್ ಏನು ಮಾಡಿತು ಅನ್ನುವುದು ನನಗೆ ಮುಖ್ಯ. ಪ್ರಾರ್ಥನೆ ಮಾಡಿ, ದೇವರು ನೋಡಿಕೊಳ್ಳುತ್ತಾರೆ ಅಂತ ಹೇಳಿ ಸುಮ್ನೆ ಕೂರಲಿಲ್ಲ. ಪ್ರೆಸ್ ಹಾಕಿದರು, ಮಗ್ಗ ಹಾಕಿದರು. ಕೈ ಹಾಕಿದ್ದೆಲ್ಲ ಫಲಿಸಲಿಲ್ಲ. 1865ರಲ್ಲಿ ಜೆಪ್ಪುವಿನಲ್ಲಿ, ನೇತ್ರಾವತಿಯ ದಡದಲ್ಲಿ ಪ್ಲೆಬ್ಸ್ಟ್ ಅವರು ಹಂಚಿನ ಕಾರ್ಖಾನೆ ತೆಗೆದರು. ಮಂಗಳೂರು ಹಂಚು ಅಂತ ನಾವು ಕರೆಯುವುದರ ಹಿಂದೆ ಈ ಕಥೆ ಇದೆ. ಕೆಲಸ ಕಳೆದುಕೊಂಡ ವಿಶ್ವಾಸಿಗೆ ಕೆಲಸ ಬೇಕಿತ್ತು. ಒಬ್ಬನ ವಿಧೇಯತೆಯ ಖರ್ಚನ್ನು ಸಭೆಯೆಲ್ಲ ಸೇರಿ ಹೊತ್ತುಕೊಳ್ಳುವುದು ಅಂದರೆ ಇದು. ಕಾರ್ಖಾನೆಯ ಶಿಸ್ತು, ಮಿಷನ್ನಿನ ಹಿಡಿತ, ಇವುಗಳ ಬಗ್ಗೆ ದೂರುಗಳೂ ಇದ್ದವು, ಅದನ್ನು ಮುಚ್ಚಿಡಬೇಕಿಲ್ಲ. ಆದರೆ ನಾವು ಇವತ್ತು ಹಳ್ಳಿಗೆ ಕಳಿಸುವ ಉಪದೇಶಿಗೆ ಏನು ಕೊಡುತ್ತೇವೆ? ನಂಬಿಕೆಯಿಂದ ಬದುಕಲಿ ಅನ್ನುತ್ತೇವೆ. ಕಮಿಟಿಯ ಮೇಜಿನಲ್ಲಿ ಕೂತು ಇನ್ನೊಬ್ಬರ ನಂಬಿಕೆಯ ಮೇಲೆ ಬಜೆಟ್ ಹಾಕುವುದು ಬಹಳ ಸುಲಭ. ನಾನೂ ಆ ಮೇಜಿನಲ್ಲಿ ಕೂತವನು.

ಇನ್ನೊಂದು ಕಡೆಯೂ ಇದೆ. ಆ ಮಿಷನರಿಗಳ ಮಕ್ಕಳು. ಇಲ್ಲಿನ ಜ್ವರ, ಶಾಲೆಯ ತೊಂದರೆ ಅಂತ ಮಕ್ಕಳನ್ನು ಯುರೋಪಿಗೆ ಕಳಿಸಿಬಿಡುತ್ತಿದ್ದರು. 1850ರ ದಶಕದಲ್ಲಿ ಬಾಸೆಲ್‌ನಲ್ಲಿ ಇಂಥ ಮಕ್ಕಳಿಗಾಗಿಯೇ ಮನೆ ತೆರೆದರು. ತಲಶ್ಶೇರಿಯಲ್ಲಿದ್ದ ಹರ್ಮನ್ ಗುಂಡರ್ಟ್ ಅವರ ಮಗಳು ಮರಿ ಹುಟ್ಟಿದ್ದು 1842ರಲ್ಲಿ. ಆ ಮನೆ ತೆರೆಯುವ ಮೊದಲೇ, ಚಿಕ್ಕವಳಿರುವಾಗಲೇ ಅವಳನ್ನು ಯುರೋಪಿನಲ್ಲಿ ಬಿಟ್ಟು ಅಪ್ಪ ಅಮ್ಮ ಸೇವೆಗೆ ಮರಳಿದರು. ಮುಂದೆ ಅವಳು ಹರ್ಮನ್ ಹೆಸ್ಸೆ ಎಂಬ ದೊಡ್ಡ ಲೇಖಕನ ತಾಯಿಯಾದಳು ಅನ್ನುವುದು ಬೇರೆ ಮಾತು. ಕರೆ ಬಂದದ್ದು ಅಪ್ಪನಿಗೆ. ಹಡಗಿನ ದೂರದಲ್ಲಿ ಉಳಿದದ್ದು ಮಗು. ಅವರನ್ನು ತೀರ್ಪು ಮಾಡಲು ನಾನು ಯಾರು? ಅವರಿಲ್ಲದಿದ್ದರೆ ಇವತ್ತು ಈ ಗುಡಿ ಇಲ್ಲ. ಆದರೆ ಲೆಕ್ಕ ಬರೆಯುವಾಗ ಆ ಸಾಲನ್ನು ಬಿಟ್ಟು ಬರೆಯಬಾರದು.

ಕಿಟೆಲ್ ಅವರದು ಇನ್ನೊಂದು ತರಹ. 1853ರಲ್ಲಿ ಸುವಾರ್ತೆ ಸಾರಲು ಬಂದ 21ರ ಯುವಕ. ಜೀವಮಾನದ ಬಹುಭಾಗ ಹೋದದ್ದು ಮೇಜಿನ ಮುಂದೆ, ಕನ್ನಡ ಪದಗಳ ಜೊತೆ. 70,000 ಪದಗಳ ನಿಘಂಟು 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾಯಿತು. ಬಂದು 41 ವರ್ಷದ ಮೇಲೆ. ಎಷ್ಟು ಜನರನ್ನು ಸಭೆಗೆ ಸೇರಿಸಿದಿರಿ ಅಂತ ಲೆಕ್ಕ ಕೇಳಿದರೆ ಅವರು ಹೇಳಲು ಜಾಸ್ತಿ ಇರಲಿಲ್ಲ. ಅವರನ್ನು ಕರೆತಂದ ಕರೆ ಬೇರೆ, ಅವರು ಮಾಡಿ ಮುಗಿಸಿದ ಕೆಲಸ ಬೇರೆ ಅಂತ ಹೊರಗಿನವರಿಗೆ ಅನಿಸಬಹುದು. ನನಗೆ ಹಾಗನಿಸುವುದಿಲ್ಲ.

ಎಲ್ಲರನ್ನೂ ಹೊರಡು ಅಂತಲೇ ದೇವರು ಕರೆಯುತ್ತಾರಾ? ಗೆರಸೇನರ ಸೀಮೆಯಲ್ಲಿ ದೆವ್ವ ಹಿಡಿದು ಸಮಾಧಿಗಳ ನಡುವೆ ಇದ್ದವನನ್ನು ಯೇಸು ಸ್ವಾಮಿ ಗುಣಪಡಿಸಿದರು. ದೋಣಿ ಹತ್ತುವಾಗ ಅವನು ಬಂದು, ನಾನೂ ಬರುತ್ತೇನೆ ಅಂತ ಬೇಡಿಕೊಂಡ. ಇಲ್ಲ, ನಿನ್ನ ಮನೆಗೆ ಹೋಗು, ನಿನ್ನವರಿಗೆ ಹೇಳು ಅಂದರು ಸ್ವಾಮಿ. ಊರವರು ಸರಪಳಿ ಹಾಕಿದ್ದ ಮನುಷ್ಯ, ಅದೇ ಊರವರ ಮುಖ ನೋಡಲು ವಾಪಸ್ ಹೋಗಬೇಕು! ದೋಣಿ ಹತ್ತುವುದೇ ಸುಲಭವಿತ್ತು. ಅವನು ಹೋದ, ದೆಕಪೊಲಿಯಲ್ಲೆಲ್ಲ ಸಾರಿದ. ಪೇತ್ರನೂ ಬಲೆ ಬಿಟ್ಟನೇ ಹೊರತು ಮನೆ ಬಿಡಲಿಲ್ಲ. ಅತ್ತೆಗೆ ಜ್ವರ ಬಂದಾಗ ಯೇಸು ಸ್ವಾಮಿಯನ್ನೇ ಆ ಮನೆಗೆ ಕರೆತಂದ. ಮುಂದೆ ಸೇವೆಗೆ ತಿರುಗುವಾಗ ಹೆಂಡತಿಯನ್ನೂ ಕರೆದುಕೊಂಡು ಹೋಗುತ್ತಿದ್ದ ಅಂತ ಕೊರಿಂಥದವರಿಗೆ ಬರೆದ ಪತ್ರಿಕೆಯಿಂದ ತಿಳಿಯುತ್ತದೆ. ಪೌಲನು ಅಕ್ವಿಲ, ಪ್ರಿಸ್ಕಿಲ್ಲರ ಜೊತೆ ಕೂತು ಗುಡಾರ ಹೊಲಿದ. ನಿಮಗೆ ಭಾರವಾಗಬಾರದು ಅಂತ ಹಗಲೂ ರಾತ್ರಿ ದುಡಿದೆವು ಅಂತ ಥೆಸಲೋನಿಕದವರಿಗೆ ಬರೆದ. ನೋಡಿ, ಅವನೂ ಅದೇ ಲೆಕ್ಕ ಇಟ್ಟಿದ್ದ.

ಮಾತು ಇಷ್ಟೇ. ಆಮೇಲೆ ಪ್ರಶ್ನೆಗಳು ಬಂದವು.

ಒಬ್ಬ ಯುವಕ ಎದ್ದು ಕೇಳಿದ: "ಅಂಕಲ್, ತಂದೆತಾಯಿಯನ್ನೂ ಹೆಂಡತಿಮಕ್ಕಳನ್ನೂ ಹಗೆ ಮಾಡದವನು ನನ್ನ ಶಿಷ್ಯನಾಗಲಾರ ಅಂತ ಲೂಕ 14ರಲ್ಲಿ ಸ್ವಾಮಿ ಹೇಳಿದ್ದಾರಲ್ವಾ? ನೀವು ಅದರ ಬಿಸಿ ತೆಗೆದುಬಿಟ್ಟಿರಿ."

ಒಳ್ಳೆಯ ಪ್ರಶ್ನೆ. ಬಿಸಿ ತೆಗೆಯುವ ಉದ್ದೇಶ ನನಗಿಲ್ಲ. ಮನೆಯವರು ಬೇಡ ಅಂದರು ಅನ್ನುವ ಒಂದೇ ಕಾರಣಕ್ಕೆ ಕರ್ತನ ಮಾತನ್ನು ಬಿಡುವವನು ಶಿಷ್ಯನಾಗಲಾರ. ಅದು ನಿಜ. ಮನೆಯವರ ಅಸಮಾಧಾನ ಬೇರೆ, ಮನೆಯವರ ಹಸಿವು ಬೇರೆ. ಅಪ್ಪನಿಗೆ ಸಿಟ್ಟು ಬರುವುದನ್ನು ನಾನು ತಾಳಿಕೊಳ್ಳಬೇಕು, ಅದು ನನ್ನ ಬೆಲೆ. ಅಪ್ಪನಿಗೆ ಮಾತ್ರೆ ಇಲ್ಲದೆ ಹೋದರೆ ಅದು ಅವರ ಬೆಲೆ. ಅದೇ ಅಧ್ಯಾಯದಲ್ಲಿ ಇನ್ನೆರಡು ವಚನ ಮುಂದೆ ಹೋಗಿ. ಗೋಪುರ ಕಟ್ಟಬೇಕೆಂದವನು ಮೊದಲು ಕೂತು ಖರ್ಚಿನ ಲೆಕ್ಕ ಹಾಕುವುದಿಲ್ಲವೇ ಅಂತ ಸ್ವಾಮಿಯೇ ಕೇಳುತ್ತಾರೆ. ಆ ಮಾತು ಹೇಳಿದವರೇ ಶಿಲುಬೆಯ ಮೇಲೆ, ಉಸಿರಾಡಲೂ ಕಷ್ಟವಿದ್ದಾಗ, ತಾಯಿಯನ್ನು ಯೋಹಾನನ ಕೈಗೆ ಒಪ್ಪಿಸಿದರು. ಲೋಕದ ಪಾಪ ಹೊತ್ತಿದ್ದೇನೆ, ಅಮ್ಮನ ವಿಷಯ ಆಮೇಲೆ ನೋಡೋಣ ಅನ್ನಲಿಲ್ಲ.

ಇನ್ನೊಬ್ಬ ತಂಗಿ ಚೀಟಿಯಲ್ಲಿ ಬರೆದು ಕಳಿಸಿದ್ದಳು. ಕೆಲಸ ಬಿಟ್ಟು ಥಿಯಾಲಜಿ ಓದಲು ಹೋಗಬೇಕು ಅಂತ ಬಹಳ ದಿನದಿಂದ ಮನಸ್ಸಿನಲ್ಲಿದೆ, ಮನೆಯ ಮೇಲೆ ಸಾಲವಿದೆ, ಅಮ್ಮ ಒಬ್ಬರೇ, ಇದು ಕರೆಯೋ ನನ್ನ ಆಸೆಯೋ ಹೇಗೆ ತಿಳಿಯುವುದು ಅಂತ.

ತಂಗೀ, ಚೀಟಿಯಲ್ಲಿ ನೀನೇ ಸಾಲವನ್ನೂ ಅಮ್ಮನನ್ನೂ ಬರೆದಿದ್ದೀಯಲ್ಲ, ಅದು ನನಗೆ ಹಿಡಿಸಿತು. ಕರೆಯೋ ಆಸೆಯೋ ಅಂತ ನಾನು ಇಲ್ಲಿ ನಿಂತು ಹೇಳಲಾರೆ. ನಿನ್ನನ್ನು ಚೆನ್ನಾಗಿ ಬಲ್ಲ ಎರಡು ಮೂರು ಜನ ಹಿರಿಯರ ಹತ್ತಿರ ಮಾತಾಡು. ನೀನು ಹೇಳಿದ್ದಕ್ಕೆಲ್ಲ ಹೂಂ ಅನ್ನುವವರು ಬೇಡ. ಅಮ್ಮನಿಗೆ ಇನ್ನೂ ಹೇಳಿಲ್ಲದಿದ್ದರೆ ಮೊದಲು ಅವರಿಗೆ ಹೇಳು. ಸಾಲ ಎಷ್ಟಿದೆ, ತಿಂಗಳ ಕಂತು ಎಷ್ಟು, ಅಮ್ಮನ ಖರ್ಚು ಎಷ್ಟು ಅಂತ ಒಂದು ಹಾಳೆಯಲ್ಲಿ ಬರೆದುಕೊಂಡು ಬಾ. ಮುಂದಿನ ಭಾನುವಾರ ಆರಾಧನೆ ಆದಮೇಲೆ ಅಯ್ಯನವರ ಜೊತೆ ಕೂರೋಣ. ಅದರಲ್ಲಿ ಸಭೆ ಎಷ್ಟು ಹೊತ್ತುಕೊಳ್ಳಬಹುದು ಅನ್ನುವುದನ್ನು ಕಮಿಟಿಯ ಮುಂದೆ ಇಡುವ ಕೆಲಸ ನನ್ನದು. ಸಾಲ ತೀರಲು ಎರಡು ವರ್ಷ ಬೇಕಾದರೆ ಎರಡು ವರ್ಷ ಆಗಲಿ. ಅಲ್ಲಿಯವರೆಗೆ ಸಂಡೇಸ್ಕೂಲಿನ ಮೂರನೇ ತರಗತಿಗೆ ಟೀಚರ್ ಇಲ್ಲ, ಅದನ್ನು ಈ ವಾರದಿಂದಲೇ ತೆಗೆದುಕೊ.